ಸೈಟ್ ನಂಬರ್ ನಲವತ್ತೇಳು

'ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ' —
ಈ ಮಾಘದಲ್ಲಿ ಮೂವತ್ತಾರು ಸಲ ಬರೆದ ಸಾಲು,
ಮೂವತ್ತಾರು ಖಾಲಿ ಸೈಟು, ಮೂವತ್ತಾರು ಹೆಸರು.
ಗಿಡಗಂಟಿ, ಒಣಹುಲ್ಲು, ಕಸಕಡ್ಡಿ
ಏಳು ದಿನದೊಳಗೆ ತೆಗೆಸತಕ್ಕದ್ದು.
ತಪ್ಪಿದಲ್ಲಿ ಪುರಸಭೆಯೇ ತೆಗೆಸಿ
ಖರ್ಚನ್ನು ಆಸ್ತಿ ತೆರಿಗೆಗೆ ಸೇರಿಸಿ ವಸೂಲು ಮಾಡತಕ್ಕದ್ದು.
ಸಹಿ ಮುಖ್ಯಾಧಿಕಾರಿಗಳದು.
ಚಪ್ಪಲಿ ನನ್ನದು.

ಮಾನ್ವಿಯ ಈ ಲೇಔಟಿಗೆ ನಕ್ಷೆಯಲ್ಲಿ ಹೂವಿನ ಹೆಸರಿದೆ.
ನೆಲದ ಮೇಲೆ ಬಳ್ಳಾರಿ ಜಾಲಿ,
ಅದರ ಕಾಲಡಿ ಕಾಂಗ್ರೆಸ್ ಕಸ,
ಸಂಕ್ರಾಂತಿ ದಾಟಿತೆಂದರೆ ಎಲ್ಲ ಹಪ್ಪಳ.

ಹೋದ ವರ್ಷ ಯಾರೋ ಹಾವಿಗೆ ಹೆದರಿ ಕಡ್ಡಿ ಗೀರಿದರು,
ಕಡಿಸುವ ಕೂಲಿಯೂ ಉಳಿಯಿತಲ್ಲ ಅಂತ.
ಹಾವು ಪಾರಾಯಿತು.
ಬೆಂಕಿ ಸೈಟಿನಿಂದ ಸೈಟಿಗೆ ನಡೆದು
ಜಿನ್ನಿಂಗ್ ಮಿಲ್ಲಿನ ಗೋಡೆ ಹತ್ತಿತು. ಆಚೆ ಹತ್ತಿಯ ಗುಡ್ಡ.
ಅಗ್ನಿಶಾಮಕದ ಗಾಡಿ ಕೂಗುತ್ತ ಬಂದು
ಲೇಔಟಿನ ಬಾಯಲ್ಲೇ ಕುಂಟಿ ನಿಂತಿತು:
ಮುಂದಿನ ಗಾಲಿಗೆ ಜಾಲಿಮುಳ್ಳು.
ಎರಡು ದಿನ ಹತ್ತಿ ಒಳಗೊಳಗೇ ಹೊಗೆಯಾಡಿತು
ಮಾತು ಬಿಟ್ಟ ಮನೆಯ ಹಾಗೆ.

ಮಾಲೀಕರನ್ನು ಹುಡುಕುವುದು ಇನ್ನೊಂದು ಕಾಡು.
ಒಬ್ಬರ ವಿಳಾಸದಲ್ಲಿ ಈಗ ಮೊಬೈಲ್ ರಿಪೇರಿ.
ಒಬ್ಬರು ಬಾಗಿಲ ಸಂದಿಯಿಂದಲೇ, 'ಅವರು ಊರಲ್ಲಿಲ್ಲ' ಅಂದರು, ಅವರೇ.
ನಲವತ್ತಾರರ ವೆಂಕೋಬರಾಯರು ತೀರಿ ಎಂಟು ವರ್ಷ,
ಆದರೂ ಪ್ರತಿ ಏಪ್ರಿಲ್‌ನಲ್ಲಿ
ರಿಯಾಯಿತಿ ಹಿಡಿದು ತೆರಿಗೆ ಕಟ್ಟುತ್ತಾರೆ.

ನಲವತ್ತೇಳು, ಪಿಂಜಾರ ಮಾಬಮ್ಮ.
ಬಸ್‌ಸ್ಟ್ಯಾಂಡ್ ಹಿಂದೆ ಗಾದಿ ಹೊಲಿಯುವ ಅಂಗಡಿ,
ರೆಪ್ಪೆಯ ಮೇಲೆಲ್ಲ ಹತ್ತಿಯ ತುಪ್ಪಳ.
'ಓದ್ರಿ' ಅಂದಳು. ಓದಿದೆ.
'ತಕ್ಕದ್ದು ಅಂದ್ರ? ಯಾರಿಗೆ ತಕ್ಕದ್ದು?'
ನಾನು ಬೆಂಕಿಯ ಬಗ್ಗೆ ಹೇಳಲು ಹೋದೆ.
ಸೂಜಿ ಎತ್ತಿ ತಡೆದಳು:
'ಬೆಂಕಿ ಸುದ್ದಿ ನನಗ ಹೇಳಬ್ಯಾಡ್ರಿ ಸಾಹೇಬ್ರ.
ನಮ್ಮಪ್ಪ ಬೀಡಿ ಸೇದಾಕ ಓಣಿ ದಾಟಿ ಹೋಗ್ತಿದ್ದ,
ಬಂದು ಬಾಯಿ ತೊಳದು, ಕೈ ತೊಳದು
ಆಮ್ಯಾಲ ಕಮಾನು ಮುಟ್ತಿದ್ದ.'

ಅಂಗೈಗೆ ಗೋಣಿತಟ್ಟು ಸುತ್ತಿಕೊಂಡು ಬಂದಳು,
ಕೊಡಲಿ ಬಾಡಿಗೆಯದು, ಕುಡುಗೋಲು ತಂಗಿಯದು.
ಚೀಟಿ ಎತ್ತಿ ಕೊಂಡ ಮೂವತ್ತು ನಲವತ್ತನ್ನು
ಹನ್ನೊಂದು ವರ್ಷದಲ್ಲಿ ಎರಡು ಸಲ ನೋಡಿದ್ದಳಂತೆ,
ಎರಡು ಸಲವೂ ರಸ್ತೆಯಿಂದ.
ಮೂರು ದಿನ ಕಡಿದಳು.
ಬೇರು ಬಾವಿಯ ಹಗ್ಗದಂತೆ ಉದ್ದಕ್ಕೂ ಬಂತು,
ಒಂದು ಬ್ರಾಂದಿ ಬಾಟಲಿ, ಯಾರದೋ ಮಗುವಿನ ಒಂದೇ ಬೂಟು,
ಟಿಟ್ಟಿಭದ ನಾಲ್ಕು ಮೊಟ್ಟೆ.
ಮೊಟ್ಟೆಯ ಸುತ್ತ ಒಂದು ಮೊಳ ಹುಲ್ಲು ಬಿಟ್ಟು ಕಡಿದಳು.

ನಾಲ್ಕನೆಯ ದಿನ ಫೋಟೋ ತೆಗೆಯಲು ಹೋದೆ.
ನೆಲ ಕ್ಷೌರ ಮಾಡಿಸಿಕೊಂಡ ತಲೆಯಂತೆ ಹೊಳೆಯುತ್ತಿತ್ತು.
ಮೂಲೆಯಲ್ಲಿ ಮಣ್ಣು ಕೆದರಿ ಗಡಿಕಲ್ಲು ಎಬ್ಬಿಸಿದ್ದಳು.
ಸೆರಗಿನಿಂದ ಒರೆಸಿದಳು.
ತೂಕದ ಅಂಕಿ ಬಲ್ಲವಳು, ನನಗಿಂತ ಮೊದಲು ಓದಿದಳು:
ನಾಕು. ಆರು.

ಕೆಳಗೆ ಕೂತಳು.
ಪಕ್ಕದಲ್ಲಿ ನಲವತ್ತೇಳು ಎದೆಯುದ್ದ ನಿಂತಿತ್ತು,
ಗಾಳಿಗೆ ಗಲಗಲ ಅಂತ ಕಾಯಿ ಅಲ್ಲಾಡಿಸುತ್ತ.
ನಿಯಮದ ಪುಸ್ತಕದಲ್ಲಿ ಇದಕ್ಕೆ ಸಾಲಿಲ್ಲ.
ಕೂಲಿ ಕೊಡಲು ವೆಂಕೋಬರಾಯರು ಬರುವುದಿಲ್ಲ.
ಸಮಾಧಾನಕ್ಕೆ ಏನೋ ತೊದಲಿದೆ.
'ಹೋಗ್ಲಿ ಬಿಡ್ರಿ' ಅಂದಳು ಬಹಳ ಹೊತ್ತಿನ ಮೇಲೆ,
'ಬೆಂಕಿಗೇನ್ ನಂಬರ್ ಓದಾಕ ಬರ್ತದ?'
ಮತ್ತೆ ನಕ್ಕಳೋ, ಉಗುಳಿದಳೋ, ತಿಳಿಯಲಿಲ್ಲ.
ಕಟ್ಟಿಗೆ ಹೊರೆ ಮಾತ್ರ ತನ್ನದೆಂದು ಬಿಗಿದಳು:
ಆರು ತಿಂಗಳ ಒಲೆ.

ರಿಜಿಸ್ಟರ್ ತೆಗೆದೆ.
ನಲವತ್ತಾರು: ಆದೇಶ ಪಾಲನೆಯಾಗಿದೆ.
ಯಾರಿಂದ ಎಂಬ ಕಾಲಂ ಇಲ್ಲ.
ನಲವತ್ತೇಳರ ತಾರೀಖು ತಿದ್ದಿ ಇನ್ನೇಳು ದಿನ ಬರೆದೆ,
ನನಗೆ ಆ ಅಧಿಕಾರವೂ ಇಲ್ಲ.

ಹೊರಟಾಗ ಹಿಂದಿನಿಂದ ಕೂಗಿದಳು,
ಕೈಗೆ ಗೋಣಿತಟ್ಟು ಮತ್ತೆ ಸುತ್ತುತ್ತಲೇ:
'ಸಾಹೇಬ್ರ, ಆ ಕಡೀ ನಲವತ್ತೆಂಟು ಯಾರದು?'
ನಿಂತೆ.
ಆ ನೋಟೀಸು ಇನ್ನೂ ನನ್ನ ಚೀಲದಲ್ಲೇ ಇತ್ತು.